ಅಜ್ಜಿಯ ಆಯಾಸ, ಡಾಕ್ಟರ ಆಯಾಸ

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರ ಉಪಕೇಂದ್ರ ಅಂದುಕೊಳ್ಳಿ. ಕಬ್ಬಿಣದ ಟೇಬಲ್ಲು, ಅದರ ಮೇಲೆ ಬಿ.ಪಿ. ಮಿಷನ್ನು, ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದ ಟ್ಯಾಬು. ಟ್ಯಾಬಿನೊಳಗೆ ಎಲ್ಲೋ ದೂರದ ಡಾಕ್ಟರು. ಎದುರಿಗೆ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತ ಅಜ್ಜಿ.

‘ಏನಜ್ಜಿ ತೊಂದರೆ?’

‘ಆಯಾಸ ಸಾಮಿ. ನಾಕು ಹೆಜ್ಜೆ ಇಟ್ರೆ ಆಯಾಸ.’

ಡಾಕ್ಟರು ‘ಆಯಾಸ’ ಎಂದು ಬರೆದುಕೊಳ್ಳುತ್ತಾರೆ. ವಯಸ್ಸು ಎಪ್ಪತ್ತು, ಊಟ ಅಷ್ಟಕ್ಕಷ್ಟೆ, ಸುಸ್ತಾಗದೆ ಇನ್ನೇನು? ಕಬ್ಬಿಣಾಂಶದ ಮಾತ್ರೆ, ಜೊತೆಗೊಂದು ಬಿ-ಕಾಂಪ್ಲೆಕ್ಸ್. ಮೂರು ನಿಮಿಷದಲ್ಲಿ ಕರೆ ಮುಗಿದು ಮುಂದಿನವರನ್ನು ಕೂಗಬಹುದು.

ಆದರೆ ಪಕ್ಕದಲ್ಲಿ ನಿಂತ ಸಿಸ್ಟರ್‌ಗೆ ಅಜ್ಜಿಯ ಮನೆಮಾತು ತೆಲುಗು ಅಂತ ಗೊತ್ತು. ಕನ್ನಡದ ಆಯಾಸ ದಣಿವು. ತೆಲುಗಿನ ಆಯಾಸಂ ಏದುಸಿರು, ಉಬ್ಬಸ. ಒಂದೇ ಸಂಸ್ಕೃತ ಶಬ್ದ ಗಡಿ ದಾಟುವಾಗ ಕಾಯಿಲೆಯನ್ನೇ ಬದಲಿಸಿಕೊಂಡಿದೆ. ಸಿಸ್ಟರ್ ಬಗ್ಗಿ ಕೇಳುತ್ತಾಳೆ: ‘ಸುಸ್ತಾ ಅಜ್ಜಿ, ಇಲ್ಲಾ ದಮ್ಮು ಕಟ್ಟುತ್ತಾ?’ ‘ದಮ್ಮೇ ಕಣವ್ವ.’ ‘ರಾತ್ರಿ ಮಲಗಿದ್ರೆ?’ ‘ಮಲಗಾಕೆ ಎಲ್ಲಾಗ್ತೈತೆ? ಗ್ವಾಡೆಗೆ ಒರಗಿ ಕೂತಿರ್ತೀನಿ.’ ಆಮೇಲೆ ಅಜ್ಜಿಯ ಸೀರೆಯಂಚು ಸರಿಸಿ, ಕಾಲ್ಗಿಣ್ಣಿನ ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾಳೆ. ಬೆರಳು ತೆಗೆದರೂ ಗುಂಡಿ ಹಾಗೇ ನಿಂತಿದೆ. ಟ್ಯಾಬನ್ನು ಎತ್ತಿ ಆ ಗುಂಡಿಯ ಹತ್ತಿರ ಹಿಡಿಯುತ್ತಾಳೆ. ಅತ್ತಲಿಂದ ಡಾಕ್ಟರ ದನಿ ಬದಲಾಗುತ್ತದೆ. ಈಗ ಮಾತು ಹೃದಯದ್ದು, ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸುವುದು.

ಟೆಲಿಮೆಡಿಸಿನ್ ತರಬೇತಿ ಅಂದಾಗಲೆಲ್ಲ ನನಗೆ ಈ ಹೆಬ್ಬೆರಳು ನೆನಪಾಗುತ್ತದೆ. ಆ್ಯಪ್ ತೆರೆಯುವುದು, ಲಾಗಿನ್ ಆಗುವುದು, ರೋಗಿಯ ಮೊಬೈಲ್ ನಂಬರ್ ಹಾಕಿ ಹೆಸರು ನೋಂದಾಯಿಸುವುದು – ಇವನ್ನು ಯಾರಿಗಾದರೂ ಅರ್ಧ ದಿನದಲ್ಲಿ ಹೇಳಿಕೊಡಬಹುದು. ದೂರದ ಡಾಕ್ಟರಿಗೆ ಕೈಯಾಗುವುದು, ಮೂಗಾಗುವುದು, ಕಿವಿಯಾಗುವುದು ಅರ್ಧ ದಿನದ ವಿದ್ಯೆಯಲ್ಲ.

ಮೊಳಕಾಲ್ಮುರು, ಚಳ್ಳಕೆರೆ ತಾಲ್ಲೂಕುಗಳಿಗೆ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ದೂರವೇ ಮೊದಲ ಕಾಯಿಲೆ. ಮೊಳಕಾಲ್ಮುರಿನವರಿಗೆ ತಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಜೋರಾಗಿ ಏನಾದರೂ ಆದರೆ ಬಾಯಿಗೆ ಬರುವ ಹೆಸರು ಬಳ್ಳಾರಿಯ ದೊಡ್ಡಾಸ್ಪತ್ರೆ ‘ವಿಮ್ಸ್’. ಮ್ಯಾಸನಾಯಕರಲ್ಲಿ ಅನೇಕರ ಮನೆಯಲ್ಲಿ ತೆಲುಗು, ಗೊಲ್ಲರಹಟ್ಟಿಗಳಲ್ಲಿ ಕನ್ನಡ, ತಾಂಡಾಗಳಲ್ಲಿ ಲಂಬಾಣಿ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ರೇಷ್ಮೆ ನೇಯುವವರ ಸೊಂಟನೋವು, ಫ್ಲೋರೈಡ್ ನೀರು ಕುಡಿದು ಬಿಗಿದ ಕೀಲು. ಹೆಸರಿನಲ್ಲೇ ಮೊಳಕಾಲು ಕೇಳಿಸುವ ಊರಲ್ಲಿ ಮೊಳಕಾಲು ನೋವಿನವರಿಗೆ ಬರವಿಲ್ಲ.

ದೂರದಿಂದ ಆರೋಗ್ಯ ವಿಚಾರಿಸುವುದು ಈ ಸೀಮೆಗೆ ಹೊಸದೂ ಅಲ್ಲ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಬ್ರಹ್ಮಗಿರಿಯ ಅಶೋಕನ ಶಾಸನ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯ ಕೋರಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಭಾಷೆ ಪ್ರಾಕೃತ. ಬಂಡೆ ಮುಂದೆ ನಿಂತ ಊರವರಿಗೆ ಅದನ್ನು ಅವರ ಮಾತಿನಲ್ಲಿ ಬಿಡಿಸಿ ಹೇಳಿದವರು ಯಾರೋ ಇದ್ದಿರಬೇಕು. ಬರೆದ ಲಿಪಿಕಾರ ಚಪಡನ ಹೆಸರು ಬಂಡೆಯ ಮೇಲೆ ಉಳಿದಿದೆ. ಬಿಡಿಸಿ ಹೇಳಿದವರ ಹೆಸರಿಲ್ಲ.

ಇವತ್ತು ಬಿಡಿಸಿ ಹೇಳುವವರಿಗೆ ಒಂದು ಹುದ್ದೆಯ ಹೆಸರಿದೆ: ಸಮುದಾಯ ಆರೋಗ್ಯ ಅಧಿಕಾರಿ, ಬಾಯಿಮಾತಿನಲ್ಲಿ ಸಿ.ಎಚ್.ಒ. ನರ್ಸಿಂಗ್ ಓದಿ ಸಮುದಾಯ ಆರೋಗ್ಯದ ಆರು ತಿಂಗಳ ಕೋರ್ಸ್ ಮಾಡಿದವರು, ಇಲ್ಲವೇ ಆ ಪಾಠಗಳನ್ನು ಬಿ.ಎಸ್ಸಿ. ನರ್ಸಿಂಗ್ ಜೊತೆಗೇ ಓದಿದವರು. 2018ರಿಂದ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು, ಈಗ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ. ಮೊಹಾಲಿಯ ಸಿ-ಡ್ಯಾಕ್ ಕಟ್ಟಿದ ಟೆಲಿಮೆಡಿಸಿನ್ ವೇದಿಕೆ ‘ಇ-ಸಂಜೀವಿನಿ’ 2019ರ ನವೆಂಬರಿನಲ್ಲಿ ಶುರುವಾಯಿತು. 2023ರ ಫೆಬ್ರುವರಿ ಹೊತ್ತಿಗೆ ದೇಶದಾದ್ಯಂತ ಅದರ ಸಮಾಲೋಚನೆಗಳು ಹತ್ತು ಕೋಟಿ ದಾಟಿದವು. ಕರೆಗಳನ್ನು ಎಣಿಸುವುದು ಸುಲಭ. ಒತ್ತಿ ನೋಡಿದ ಕಾಲುಗಳನ್ನು ಎಣಿಸುವ ಕಾಲಂ ಯಾವ ರಿಜಿಸ್ಟರಿನಲ್ಲೂ ನನಗೆ ಕಂಡಿಲ್ಲ.

ಹಾಗಾದರೆ ಏನು ಕಲಿಸಬೇಕು? ಮಗುವಿಗೆ ಕೆಮ್ಮು ಅಂದರೆ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗದು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದವರಿಗೆ 40 ಅಥವಾ ಮೇಲೆ ಬಂದರೆ ಅದು ಓಡುತ್ತಿರುವ ಉಸಿರು. ಪರದೆಯಲ್ಲಿ ಆ ಎದೆ ಏರಿಳಿಯುವುದು ತಡವರಿಸುವ ನೆಟ್‌ವರ್ಕಿನಲ್ಲಿ ಕಾಣುವುದೇ ಇಲ್ಲ. ಸಿಸ್ಟರ್ ಹೇಳಿದ ಅಂಕಿಯೇ ಡಾಕ್ಟರ ಕಣ್ಣು. ರಕ್ತಹೀನತೆ ನೋಡಲು ಕೆಳರೆಪ್ಪೆ ಎಳೆದು ತೋರಿಸುವಾಗ ಹಳದಿ ಬಲ್ಬಿನ ಕೆಳಗೆ ಕೂರಿಸಿದರೆ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ, ಬಿಳಿಚಿದ ರೆಪ್ಪೆಯೂ ಕೆಂಪಾಗಿ ಕಾಣಬಹುದು. ಬಾಗಿಲ ಬಳಿ ಹಗಲ ಬೆಳಕಿಗೆ ಕರೆತರಬೇಕು, ಪಕ್ಕದಲ್ಲೊಂದು ಬಿಳಿ ಕಾಗದ ಹಿಡಿದರೆ ಇನ್ನೂ ಒಳ್ಳೆಯದು.

ಎದೆನೋವಿನದು ಬೇರೆಯೇ ಕತೆ. ನಮ್ಮ ಕಡೆ ಎದೆನೋವಿಗೆ ‘ಗ್ಯಾಸ್ಟ್ರಿಕ್’ ಅನ್ನದ ಗಂಡಸು ಸಿಗುವುದು ಕಷ್ಟ. ಸೋಡಾ ಕುಡಿದು, ಆಮೇಲೆ ಜೀರಿಗೆ ಜಗಿದು, ಆಮೇಲೆ ಆಸ್ಪತ್ರೆ. ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಶುರುಮಾಡಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ. ಕೆಲವೇ ನಿಮಿಷದಲ್ಲಿ ದೂರದಲ್ಲಿ ಓದಲ್ಪಡುತ್ತದೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ. ಇಡೀ ಏರ್ಪಾಡು ನಿಂತಿರುವುದು ವೈರು ಅಂಟಿಸುವ ಸಿಬ್ಬಂದಿಯ ಬೆರಳ ಮೇಲೆ. ಬಲಗೈ, ಎಡಗೈ ವೈರು ಅದಲುಬದಲಾದರೆ ಪಟ್ಟಿಯ ಮೊದಲ ಗೆರೆಯೇ ತಲೆಕೆಳಗಾಗುತ್ತದೆ. ಅತ್ತ ಕೂತವರು ಎಷ್ಟೇ ಜಾಣರಿರಲಿ, ಓದುವುದು ಇತ್ತಲಿಂದ ಬಂದದ್ದನ್ನೇ.

ಕಲಿಸುವ ಬಗೆಯಲ್ಲಿ ನನಗೆ ಮೆಚ್ಚುಗೆಯಾದದ್ದು ನಿಮ್ಹಾನ್ಸ್‌ನವರು ಹಿಡಿದ ದಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಬೆಂಗಳೂರಿಗೆ ಕರೆಸಿ ಎ.ಸಿ. ಹಾಲಿನಲ್ಲಿ ಸ್ಲೈಡ್ ತೋರಿಸುವುದಕ್ಕೆ ಬದಲು, ಮನೋವೈದ್ಯರೇ ವಿಡಿಯೊದಲ್ಲಿ ಆ ಡಾಕ್ಟರ ಓ.ಪಿ.ಡಿ.ಗೆ ಹೋಗಿ ಕೂರುತ್ತಾರೆ. ಅವತ್ತು ಬಂದ ಸಾಮಾನ್ಯ ರೋಗಿಗಳನ್ನೇ ನೋಡುತ್ತ ಪಾಠ. ತಿಂಗಳುಗಟ್ಟಲೆ ಮೈಕೈ ನೋವು, ನಿದ್ದೆ ಇಲ್ಲ, ಹಸಿವಿಲ್ಲ ಅನ್ನುವವರಲ್ಲಿ ಯಾರದು ಬರೀ ಮೈನೋವು, ಯಾರದು ಖಿನ್ನತೆ ಎಂದು ಆ ಕ್ಷಣದಲ್ಲೇ ಬಿಡಿಸಿ ತೋರಿಸುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ‘ಆನ್ ಕನ್ಸಲ್ಟೇಷನ್ ಟ್ರೇನಿಂಗ್’. ಮಗ್ಗದ ಪಕ್ಕ ಕೂರಿಸಿಕೊಂಡು ಮಗನಿಗೆ ಲಾಳಿ ಹಿಡಿಯುವುದನ್ನು ಕಲಿಸಿದಂತೆಯೇ ಇದು. ಮೊಳಕಾಲ್ಮುರಿನವರಿಗೆ ಬೇರೆ ವಿವರಣೆ ಬೇಡ.

ಡಾಕ್ಟರಲ್ಲದವರ ಕೈಗೆ ಕೊಟ್ಟರೆ ಕೆಟ್ಟೀತು ಅನ್ನುವವರಿಗೆ ಇನ್ನೊಂದು ಉದಾಹರಣೆ. ಅವಧಿಗೆ ಮುನ್ನ ಹುಟ್ಟಿದ, ಎರಡು ಕೆ.ಜಿ.ಗಿಂತ ಹಗುರಾದ ಕೂಸುಗಳ ಕಣ್ಣಿನ ಅಕ್ಷಿಪಟಲ ಹುಟ್ಟಿದ 30 ದಿನದೊಳಗೆ ಪರೀಕ್ಷೆಯಾಗದಿದ್ದರೆ ಕುರುಡಿನ ಅಪಾಯವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಶುರುಮಾಡಿತು. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಕೂಸಿನ ಕಣ್ಣಿನೊಳಗಿನ ಚಿತ್ರ ತೆಗೆದರು. ಬರೀ ತೆಗೆಯಲಿಲ್ಲ, ಓದಿ ತುರ್ತಿಗೆ ತಕ್ಕಂತೆ ವಿಂಗಡಿಸಲೂ ಕಲಿತರು: ಕೆಂಪು, ಕಿತ್ತಳೆ, ಹಸಿರು. ಹಂತಹಂತವಾಗಿ ಪರೀಕ್ಷೆ ಪಾಸಾದ ಮೇಲೆಯೇ ಮುಂದಿನ ಹೊಣೆ. ತಜ್ಞರು ಊರೂರು ತಿರುಗದೆ ಫೋನಿನಲ್ಲೇ ಚಿತ್ರ ನೋಡಿ ವರದಿ ಕೊಟ್ಟರು. ಇಂಥ ಮೆಟ್ಟಿಲುಗಳು ನಮ್ಮ ಸಿ.ಎಚ್.ಒ.ಗಳ ತರಬೇತಿಗೂ ಬೇಕು ಅಂತ ನನ್ನ ವಾದ.

ಇನ್ನು ಕರೆ ಮಾಡದಿರುವುದನ್ನೂ ಕಲಿಸಬೇಕು. ಶೇಂಗಾ ಕೀಳುವ ಹೊತ್ತಿನಲ್ಲಿ ಹಾವು ಕಚ್ಚಿಸಿಕೊಂಡು ಬಂದವರಿಗೆ ಟ್ಯಾಬು ತೆರೆಯುವುದು ಪಾಪ. 108ಕ್ಕೆ ಫೋನು, ಅಷ್ಟೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿದೆ. ಯಂತ್ರಗಳೇನೋ ಬಹಳ ಮುಂದೆ ಹೋಗಿವೆ: ಚಳ್ಳಕೆರೆ ತಾಲ್ಲೂಕಿನಲ್ಲೇ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ಬಾಹ್ಯಾಕಾಶ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತನ್ನಷ್ಟಕ್ಕೆ ತಾನೇ ರನ್‌ವೇಗೆ ಇಳಿಯಿತು. ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದನ್ನು ಬಿಡಿಸಲು ಮಾತ್ರ ಇನ್ನೂ ಊರಿನ ಆಶಾ ಕಾರ್ಯಕರ್ತೆಯೇ ಬೇಕು.

ಕೊನೆಗೆ ಒಪ್ಪಿಗೆಯ ವಿಷಯ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ರೋಗಿ ತಾನೇ ಕರೆ ಮಾಡಿದರೆ ಒಪ್ಪಿದಂತೆಯೇ ಲೆಕ್ಕ. ಆರೋಗ್ಯ ಕಾರ್ಯಕರ್ತೆ ಕರೆ ಮಾಡಿದರೆ ಒಪ್ಪಿಗೆಯನ್ನು ಕೇಳಿಯೇ ಪಡೆಯಬೇಕು, ದಾಖಲಿಸಬೇಕು. ನಿಯಮ ಸರಳ. ಆದರೆ ‘ನೀನು ಹೇಳಿದ್ರೆ ಆಯ್ತು ಬಿಡವ್ವ’ ಅನ್ನುವುದು ಒಪ್ಪಿಗೆಯೋ, ಸಂಕೋಚವೋ? ಮುಟ್ಟಾದಾಗ, ಹೆರಿಗೆಯಾದಾಗ ಹಟ್ಟಿಯಾಚೆ ಕೂತಿರಬೇಕಾದ ಹೆಣ್ಣುಮಗಳು ತನ್ನ ಬಿಳಿಸೆರಗಿನ ತೊಂದರೆಯನ್ನು ಯಾವುದೋ ಊರಿನ ಗಂಡು ಡಾಕ್ಟರ ಮುಖ ನೋಡಿಕೊಂಡು ಹೇಳಬೇಕು, ಅದೂ ಬಾಗಿಲಲ್ಲಿ ಗಂಡ, ಅತ್ತೆ ನಿಂತಿರುವಾಗ. ಮಾರ್ಗಸೂಚಿ ದನಿಯ ಮೂಲಕವಷ್ಟೇ ಮಾತಾಡುವುದಕ್ಕೂ ಅವಕಾಶ ಕೊಟ್ಟಿದೆ. ಬಲ್ಲ ಸಿಸ್ಟರ್ ಮೊದಲು ಬಾಗಿಲು ಹಾಕಿಕೊಳ್ಳುತ್ತಾಳೆ. ಟ್ಯಾಬಿನ ಮುಖವನ್ನು ಗೋಡೆಗೆ ತಿರುಗಿಸುತ್ತಾಳೆ. ಆಮೇಲೆ ಆ ಹೆಣ್ಣುಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ‘ನನಗೆ ಹೇಳವ್ವ, ಅವರು ಕೇಳಿಸ್ಕಂತಾರೆ’ ಅನ್ನುತ್ತಾಳೆ.