ನಾಯಿಯ ಶಿಕ್ಷಣದಲ್ಲಿ ಕಾಲದ ಪಾತ್ರ

ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿಯೊಂದಿದೆ. ಅದು ಮರಿಯಾಗಿದ್ದಾಗ, ಗೇಟು ತೆರೆದಿದ್ದರೆ ಸಾಕು, ಬೀದಿಗೆ ನೆಗೆದು ಓಡುತ್ತಿತ್ತು. ನಾವು ಗೇಟಿನ ಬಳಿ ನಿಂತು ಕೂಗುತ್ತಿದ್ದೆವು. ಐದಾರು ನಿಮಿಷಗಳಲ್ಲಿ ಅದು ಬಾಲವನ್ನು ಅಲ್ಲಾಡಿಸುತ್ತ ಹಿಂದಿರುಗುತ್ತಿತ್ತು. ಬಂದೊಡನೆ, ಓಡಿಹೋದ ತಪ್ಪಿಗಾಗಿ, ಅದರ ಬೆನ್ನಿನ ಮೇಲೆ ಎರಡು ಏಟು ಬೀಳುತ್ತಿದ್ದುವು. ಒಂದೆರಡು ತಿಂಗಳು ಹೀಗೆ ನಡೆಯಿತು. ಕರಿಯ ಓಡಿಹೋಗುವುದನ್ನು ಬಿಡಲಿಲ್ಲ. ಕರೆದರೆ ಬರುವುದನ್ನು ಬಿಟ್ಟಿತು. ಒಂದು ಸಂಜೆ ತಿರುವಿನಿಂದ ಲಾರಿಯೊಂದು ಬರುತ್ತಿತ್ತು. ನಾವು ಗಂಟಲು ಹರಿಯುವಂತೆ ಕೂಗಿದೆವು. ನಾಯಿ ರಸ್ತೆಯ ನಡುವೆ ನಿಂತು ನಮ್ಮನ್ನೇ ನೋಡುತ್ತಿತ್ತು, ಬರಲಿಲ್ಲ. ಅದರ ಜೀವ ಉಳಿದುದೇ ಪುಣ್ಯ. ಒಂದು ಹಿಂಗಾಲು ಮುರಿಯಿತು.

ಹಟಮಾರಿ ನಾಯಿ ಎಂದು ನೆರೆಹೊರೆಯವರು ಹೇಳಿದರು. ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ವಿಚಾರಮಾಡಿ ನೋಡಿದರೆ, ನಾವು ಕಲಿಸಿದ ಪಾಠವನ್ನು ಅದು ಚೆನ್ನಾಗಿಯೇ ಕಲಿತಿತ್ತು. ಓಡಿಹೋದುದಕ್ಕೂ ಏಟಿಗೂ ನಡುವೆ ಐದಾರು ನಿಮಿಷಗಳ ಅಂತರ; ನಮ್ಮ ಕಾಲ ಬಳಿಗೆ ಬಂದುದಕ್ಕೂ ಏಟಿಗೂ ನಡುವೆ ಒಂದೇ ಸೆಕೆಂಡು. ಈ ಎರಡರಲ್ಲಿ ಯಾವುದನ್ನು ನಾಯಿ ಏಟಿನೊಡನೆ ಜೋಡಿಸಿಕೊಂಡೀತು?

ಪ್ರಾಣಿಗಳ ಕಲಿಕೆಯನ್ನು ಪ್ರಯೋಗಕ್ಕೆ ಒಳಪಡಿಸಿದ ಮೊದಲಿಗರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಒಬ್ಬರು. 1898ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ವರ್ಣಿಸಿದ ಪ್ರಯೋಗ ಸರಳವಾದುದು. ಹಸಿದ ಬೆಕ್ಕನ್ನೋ ನಾಯಿಯನ್ನೋ ಪೆಟ್ಟಿಗೆಯೊಂದರಲ್ಲಿ ಕೂಡಿ, ಹೊರಗೆ ಆಹಾರವನ್ನಿಡುವುದು. ಒಳಗಿನ ಕುಣಿಕೆಯನ್ನು ಎಳೆದರೆ ಬಾಗಿಲು ತೆರೆಯುತ್ತದೆ. ಮೊದಲ ಸಲ ಪ್ರಾಣಿ ಪರಚಿ, ಕಚ್ಚಿ, ಒದ್ದಾಡಿ, ಆಕಸ್ಮಿಕವಾಗಿ ಹೊರಬರುತ್ತದೆ. ಮತ್ತೆ ಮತ್ತೆ ಕೂಡಿದಂತೆ ಹೊರಬರಲು ಹಿಡಿಯುವ ಕಾಲ ಇಳಿಯುತ್ತ ಹೋಗುತ್ತದೆ. ತೃಪ್ತಿಯನ್ನು ತಂದ ವರ್ತನೆ ಮರುಕಳಿಸುತ್ತದೆ ಎಂಬುದೇ ಥಾರ್ನ್‌ಡೈಕರು ಇದರಿಂದ ತೆಗೆದ ‘ಪರಿಣಾಮ ನಿಯಮ’. ಮುಂದೆ ಬಿ. ಎಫ್. ಸ್ಕಿನ್ನರ್ ಈ ಮಾರ್ಗವನ್ನೇ ವಿಸ್ತರಿಸಿದರು. ವರ್ತನೆಯ ಬೆನ್ನಿಗೇ ಬಹುಮಾನವೊಂದನ್ನು ಕೂಡಿಸಿ ಅದನ್ನು ಬಲಪಡಿಸುವುದಕ್ಕೆ ‘ಧನಾತ್ಮಕ ಬಲವರ್ಧನೆ’ ಎಂದು ಹೆಸರು. ಇಲ್ಲಿ ‘ಧನ’ವೆಂದರೆ ಒಳ್ಳೆಯದೆಂದಲ್ಲ, ಗಣಿತದ ಕೂಡುವ ಚಿಹ್ನೆಯೆಂದು ತಿಳಿಯಬೇಕು.

‘ಬೆನ್ನಿಗೇ’ ಎಂಬ ಮಾತಿನಲ್ಲಿಯೇ ರಹಸ್ಯವಿರುವುದು. ಉಯ್ಯಾಲೆಯನ್ನು ತೂಗುವವರನ್ನು ವಾಚಕರು ನೋಡಿರಬಹುದು. ಉಯ್ಯಾಲೆ ಹಿಂದೆ ಬಂದು ಮುಂದಕ್ಕೆ ತಿರುಗುವ ಹೊತ್ತಿಗೆ ಬೆರಳಿನಿಂದ ನೂಕಿದರೂ ತೂಗಾಟ ಹೆಚ್ಚುತ್ತದೆ. ಹೊತ್ತುತಪ್ಪಿದ ನೂಕು ಎಷ್ಟೇ ಬಲವಾಗಿದ್ದರೂ ಅದನ್ನು ತಡೆಯುತ್ತದೆ. ನಾಯಿ ಉಯ್ಯಾಲೆಯಲ್ಲವೆಂಬುದು ನಿಜ. ಆದರೂ ಬಹುಮಾನದ ಗಾತ್ರಕ್ಕಿಂತ ಅದರ ಹೊತ್ತು ಮುಖ್ಯವೆಂಬುದನ್ನು ಈ ಹೋಲಿಕೆ ತೋರಿಸುತ್ತದೆ. ನಾಯಿ ಕುಳಿತಿತೆಂದು ನಾವು ಅಡಿಗೆಯ ಮನೆಗೆ ಹೋಗಿ ತಿಂಡಿ ತರುವಷ್ಟರಲ್ಲಿ ಅದು ಎದ್ದು ನಮ್ಮ ಮೇಲೆ ಹಾರುತ್ತಿರುತ್ತದೆ. ಆಗ ಕೊಟ್ಟ ತಿಂಡಿ ಹಾರಿದುದಕ್ಕೆ ಸಂದ ಬಹುಮಾನ.

ಹಾಗಾದರೆ ದೂರದಲ್ಲಿರುವ ನಾಯಿಗೆ ಕ್ಷಣದೊಳಗೆ ಬಹುಮಾನ ತಲುಪುವುದು ಹೇಗೆ? ಇದಕ್ಕೆ 1951ರ ಲೇಖನವೊಂದರಲ್ಲಿ ಸ್ಕಿನ್ನರ್ ಸೂಚಿಸಿದ ಉಪಾಯ, ಒತ್ತಿದರೆ ‘ಟಕ್’ ಎನ್ನುವ ಅಗ್ಗದ ಆಟಿಕೆ. ಮೊದಲು ‘ಟಕ್’ ಎನಿಸಿ ಒಂದು ಚೂರು ತಿಂಡಿ, ಮತ್ತೆ ‘ಟಕ್’, ಮತ್ತೆ ಚೂರು. ಸ್ವಲ್ಪ ಕಾಲದಲ್ಲಿ ಆ ಸದ್ದೇ ನಾಯಿಗೆ ಬಹುಮಾನದ ಮುಂಗಡ ಚೀಟಿಯಾಗುತ್ತದೆ. ಸದ್ದು ಆ ಕ್ಷಣವನ್ನು ಗುರುತಿಸುತ್ತದೆ. ತಿಂಡಿ ಎರಡು ಸೆಕೆಂಡು ತಡವಾಗಿ ಬಂದರೂ ಬಾಧಕವಿಲ್ಲ. ಮಿದುಳಿನಲ್ಲಿಯೂ ಇದಕ್ಕೆ ಸಂವಾದಿಯಾದ ಸಂಗತಿಯೊಂದು ಕಂಡುಬಂದಿದೆ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಅವರ ಸಂಗಡಿಗರು ಕೋತಿಗಳ ಮಿದುಳಿನ ಡೋಪಮೀನ್ ನರಕೋಶಗಳನ್ನು ಪರೀಕ್ಷಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಆ ಕೋಶಗಳು ಚುರುಕಾದುವು. ರಸಕ್ಕೆ ಮುನ್ನ ಸೂಚನೆಯೊಂದನ್ನು ಕೊಡುತ್ತ ಬಂದಾಗ, ಕಲಿಕೆಯಾದ ಮೇಲೆ, ಅವು ರಸಕ್ಕೆ ಬದಲು ಸೂಚನೆಗೇ ಮಿಡಿಯತೊಡಗಿದುವು.

ಕಾಲು ಕೂಡಿದ ಮೇಲೆ ಕರಿಯನಿಗೆ ಹೊಸದಾಗಿ ಪಾಠ ಆರಂಭವಾಯಿತು. ‘ಬಾ’ ಎಂಬ ಶಬ್ದ ಏಟಿನ ನೆನಪಿನಿಂದ ಕೆಟ್ಟುಹೋಗಿದ್ದುದರಿಂದ ಅದನ್ನು ಕೈಬಿಟ್ಟು ಸೀಟಿಯನ್ನು ಆರಿಸಿಕೊಂಡೆವು. ಮೊದಲ ದಿನ ಕೋಣೆಯೊಳಗೆ, ಎರಡು ಮಾರು ದೂರದಿಂದ. ನಮ್ಮ ಕಡೆಗೆ ತಲೆ ತಿರುಗಿಸಿದರೂ ‘ಟಕ್’, ಬೇಯಿಸಿದ ಮೊಟ್ಟೆಯ ಚೂರು. ಅನಂತರ ಒಂದು ಹೆಜ್ಜೆ ಇಟ್ಟರೆ ಮಾತ್ರ. ಆಮೇಲೆ ಪೂರ್ತಿ ಬಂದರೆ. ಜಗುಲಿ, ಅಂಗಳ, ಕೊನೆಗೆ ಉದ್ದನೆಯ ಹಗ್ಗ ಕಟ್ಟಿ ಮೈದಾನ. ದಿನಕ್ಕೆ ಐದೈದು ನಿಮಿಷದಂತೆ ಎರಡು ಪಾಠಗಳು ಸಾಕಾದುವು. ಸ್ನಾನಕ್ಕೆಂದು ಸೀಟಿ ಹಾಕಬಾರದೆಂದು ಮನೆಯಲ್ಲೆಲ್ಲ ಕಟ್ಟಪ್ಪಣೆಯಾಯಿತು. (ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಬೆರೆತ ತಿಂಡಿಗಳು ನಾಯಿಗೆ ವಿಷ, ಬಹುಮಾನವೆಂದು ಅವನ್ನು ಕೊಡಬಾರದು.)

ಕಲಿತ ವರ್ತನೆಗೆ ಪ್ರತಿ ಸಲವೂ ತಿಂಡಿ ಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ದೊರೆಯುವ ಬಹುಮಾನ ವರ್ತನೆಯನ್ನು ಇನ್ನೂ ಗಟ್ಟಿಮಾಡುತ್ತದೆ. ಇದೇ ನಿಯಮ ನಮಗೆ ಪ್ರತಿಕೂಲವಾಗಿಯೂ ನಡೆಯುತ್ತದೆ. ಊಟದ ಹೊತ್ತಿಗೆ ಕುಂಯ್‌ಗುಟ್ಟುವ ಕರಿಯನಿಗೆ ಏನನ್ನೂ ಹಾಕಬಾರದೆಂದು ನಾವು ನಿಶ್ಚಯಿಸಿದ್ದೆವು. ನಮ್ಮ ತಾಯಿಯವರು ಮಾತ್ರ ಕನಿಕರದಿಂದ ಹತ್ತು ದಿನಕ್ಕೊಮ್ಮೆ ದೋಸೆಯ ಅಂಚನ್ನು ಎಸೆಯುತ್ತಿದ್ದರು. ಆ ಕುಂಯ್‌ಗುಟ್ಟುವಿಕೆ ಇಂದಿಗೂ ನಿಂತಿಲ್ಲ.

ಏಟಿನ ಪಕ್ಷದವರು ಒಂದು ಆಕ್ಷೇಪವನ್ನು ಎತ್ತುವುದುಂಟು: ತಪ್ಪು ಮಾಡಿದ ನಾಯಿ ತಲೆ ತಗ್ಗಿಸುತ್ತದೆಯಷ್ಟೆ, ಅದಕ್ಕೆ ತನ್ನ ತಪ್ಪಿನ ಅರಿವಿದೆಯಲ್ಲವೆ? 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 14 ನಾಯಿಗಳನ್ನು ಈ ಬಗ್ಗೆ ಪರೀಕ್ಷಿಸಿದರು. ತಿನ್ನಬಾರದೆಂದು ಹೇಳಿದ್ದ ತಿಂಡಿಯನ್ನು ನಾಯಿ ತಿಂದಿದೆಯೇ ಇಲ್ಲವೇ ಎಂಬುದರ ಬಗ್ಗೆ ಯಜಮಾನನಿಗೆ ಕೆಲವೊಮ್ಮೆ ಸುಳ್ಳು ಹೇಳಲಾಯಿತು. ‘ತಪ್ಪಿತಸ್ಥ’ ಮುಖ ತಿಂದುದನ್ನಲ್ಲ, ಬೈಗುಳವನ್ನು ಅನುಸರಿಸಿತು. ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಎದ್ದುಕಂಡಿತು. 2020ರಲ್ಲಿ ಪ್ರಕಟವಾದ, ಪೋರ್ಚುಗಲ್‌ನ 92 ಸಾಕುನಾಯಿಗಳ ಅಧ್ಯಯನದಲ್ಲಿ, ದಂಡನೆಯ ಕ್ರಮದಿಂದ ಕಲಿಯುತ್ತಿದ್ದ ನಾಯಿಗಳು ಹೆಚ್ಚು ಏದುಸಿರು ಬಿಡುತ್ತಿದ್ದುವು. ಪಾಠದ ತರುವಾಯ ಅವುಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿತ್ತು. ಕರಿಯನ ಕುಗ್ಗಿದ ಮುಖವನ್ನು ನಾವು ಎಷ್ಟು ಸಲ ತಪ್ಪೊಪ್ಪಿಗೆಯೆಂದು ಓದಿದ್ದೆವೋ!

ಈ ಕ್ರಮಕ್ಕೂ ಮಿತಿಯುಂಟು. ನೋಟದಿಂದಲೇ ಬೇಟೆಯನ್ನು ಅಟ್ಟುವ ಮುಧೋಳದ ನಾಯಿಯ ಎದುರು ಮೊಲವೊಂದು ಹಾದುಹೋದರೆ ಮೊಟ್ಟೆಯ ಚೂರಿಗೆ ಬೆಲೆಯಿರುವುದು ಸಂದೇಹ. ಅದಕ್ಕೆ ಆ ಓಟವೇ ಬಹುಮಾನ. ಕರಿಯ ಬೇಟೆನಾಯಿಯಲ್ಲ. ಈಗ ಸೀಟಿ ಕೇಳಿದರೆ ಬೀದಿಯ ತುದಿಯಿಂದಲೂ ಕುಂಟುತ್ತ ಓಡಿಬರುತ್ತದೆ. ಗೇಟಿಗೆ, ತಾನಾಗಿಯೇ ಮುಚ್ಚಿಕೊಳ್ಳುವಂತೆ, ಸ್ಪ್ರಿಂಗ್ ಒಂದನ್ನು ಹಾಕಿಸಿದ್ದೇವೆ.