ಎಚ್‌ಐವಿ ಇರುವ ಹಿರಿಯರು ವ್ಯಾಯಾಮ ಬಿಡುವುದು ಏಕೆ?

ಮುಂಬೈ, ಪುಣೆ, ಚೆನ್ನೈ, ದೆಹಲಿ, ಎಲ್ಲೇ ಇರಿ. ನಿಮಗೆ 50 ದಾಟಿದ್ದು ಎಚ್‌ಐವಿಯೂ ಇದ್ದರೆ ಈ ಬರಹ ನಿಮಗೆ. ಇಲ್ಲದಿದ್ದರೂ ಓದಿ, ಪರಿಚಯದವರಲ್ಲಿ ಯಾರಿಗಾದರೂ ಬೇಕಾಗಿರಬಹುದು.

ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಲ್ಲಿ ಉಚಿತ ಎಆರ್‌ಟಿ ಮಾತ್ರೆ ಶುರುವಾಯಿತು. ಆಗ 40ರ ವಯಸ್ಸಿನಲ್ಲಿ ಮಾತ್ರೆ ಹಿಡಿದವರು ಈಗ 60 ದಾಟಿದ್ದಾರೆ. ವೈರಸ್ ಹತೋಟಿಯಲ್ಲಿದೆ. ಈಗ ಗಮನ ಕೊಡಬೇಕಾದದ್ದು ಸಕ್ಕರೆ ಕಾಯಿಲೆ, ಹೃದಯ, ಮೂಳೆ ಮತ್ತು ಸ್ನಾಯುಗಳಿಗೆ. ಇವೆಲ್ಲಕ್ಕೂ ವ್ಯಾಯಾಮ ಬೇಕು. ಆದರೂ ಅನೇಕರು ಮನೆಯಲ್ಲೇ ಕೂರುತ್ತಾರೆ. ಕಾರಣಗಳು ಇವು:

*1. "ದಣಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ" ಎಂಬ ಭಯ*
ಇದು ತಪ್ಪು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರಿಗೆ ಹಿತಮಿತವಾದ ವ್ಯಾಯಾಮದಿಂದ ಸಿಡಿ4 ಇಳಿಯುವುದಿಲ್ಲ, ವೈರಸ್ ಏರುವುದಿಲ್ಲ.

*2. ಪಾದ ಜೋಮು, ಉರಿ*
ಎಚ್‌ಐವಿಯಿಂದಲೂ, ಹಿಂದೆ ಕೊಡುತ್ತಿದ್ದ ಸ್ಟಾವುಡಿನ್‌ನಂಥ ಮಾತ್ರೆಯಿಂದಲೂ ನರಗಳಿಗೆ ಪೆಟ್ಟು ಬಿದ್ದಿರಬಹುದು. ಬರಿಗಾಲಲ್ಲಿ ನಡೆಯಬೇಡಿ. ಮೆತ್ತನೆಯ ಬೂಟು ಹಾಕಿ, ರಾತ್ರಿ ಪಾದ ನೋಡಿಕೊಳ್ಳಿ. ನಡೆಯಲು ಕಷ್ಟವಾದರೆ ಕುರ್ಚಿಯಲ್ಲಿ ಕೂತೇ ಕೈಕಾಲು ಆಡಿಸಿ.

*3. ಬೀಳುವ ಹೆದರಿಕೆ*
ಟೆನೊಫೊವಿರ್ ಇರುವ ಮಾತ್ರೆಯಿಂದ ಕೆಲವರ ಮೂಳೆ ತುಸು ಸಡಿಲಾಗುತ್ತದೆ. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ 10 ಸಲ ಎದ್ದು ಕೂರುವುದು ಕಾಲಿಗೆ ಬಲ ಕೊಡುತ್ತದೆ.

*4. ಜನರ ಕಣ್ಣು*
ಎಲ್ಲಕ್ಕಿಂತ ದೊಡ್ಡ ಅಡ್ಡಿ ಇದೇ. ಕೆನ್ನೆ ಬತ್ತಿದೆ, ಕಾಲು ಸಣ್ಣಗಾಗಿದೆ. "ಯಾಕೆ ಇಷ್ಟು ಇಳಿದಿದ್ದೀರಿ?" ಎಂದು ಸೊಸೈಟಿಯ ಗಾರ್ಡನ್‌ನಲ್ಲಿ ಯಾರಾದರೂ ಕೇಳಿದರೆ? ಅದೂ ನಮ್ಮೂರಿನವರೇ ಸಿಕ್ಕಿ, ಸುದ್ದಿ ಊರಿಗೆ ಮುಟ್ಟಿದರೆ? ಈ ಹೆದರಿಕೆಗೆ ಎಷ್ಟೋ ಜನ ಬಾಗಿಲು ದಾಟುವುದಿಲ್ಲ.

ನೀವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. "ಡಾಕ್ಟರು ನಡೆಯಲು ಹೇಳಿದ್ದಾರೆ" ಎಂದರೆ ಸಾಕು, ಅದು ಸುಳ್ಳಲ್ಲ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ, ನ್ಯಾಯಾಲಯದ ಆದೇಶವಿಲ್ಲದೆ ನಿಮ್ಮ ಸ್ಥಿತಿ ಹೇಳುವಂತೆ ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಬೆವರು, ಚಾಪೆ, ಕೈಕುಲುಕುವುದು, ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಆದ್ದರಿಂದ ಯೋಗ ತರಗತಿಗೂ ಹಿಂಜರಿಯದೆ ಹೋಗಿ.

*ಶುರು ಮಾಡುವುದು ಹೇಗೆ?*
✅ ಮೊದಲು ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಿ. ಬಿಪಿ, ಸಕ್ಕರೆ, ರಕ್ತಹೀನತೆ ನೋಡಿಸಿ.
✅ ಮೊದಲ ವಾರ ದಿನಕ್ಕೆ 10 ನಿಮಿಷ. ನಿಧಾನವಾಗಿ 30 ನಿಮಿಷಕ್ಕೆ ಏರಿಸಿ, ವಾರಕ್ಕೆ 5 ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಇಷ್ಟರಲ್ಲೇ ಮುಗಿಯುತ್ತದೆ.
✅ ವಾರಕ್ಕೆ 2 ದಿನ ನೀರು ತುಂಬಿದ ಬಾಟಲಿ ಹಿಡಿದು ತೋಳು ಎತ್ತಿ ಇಳಿಸಿ.
⛔ ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ನಿಲ್ಲಿಸಿ, ಕೂಡಲೇ ವೈದ್ಯರ ಬಳಿ ಹೋಗಿ.

ಊರು ಬದಲಿಸಿದವರು ಎಆರ್‌ಟಿ ಕೇಂದ್ರವನ್ನು ಈಗಿರುವ ಊರಿಗೆ ವರ್ಗಾಯಿಸಿಕೊಳ್ಳಬಹುದು. ಮಾಹಿತಿಗೆ ಉಚಿತ ಸಹಾಯವಾಣಿ 1097.

ಮನೆಯವರಿಗೆ ಒಂದು ಮಾತು: "ನೀವು ಸುಮ್ಮನೆ ಕೂತಿರಿ" ಅನ್ನಬೇಡಿ. ಚಪ್ಪಲಿ ಹಾಕಿಕೊಂಡು ಜೊತೆಗೆ ಹೊರಡಿ.

🙏 ಇದನ್ನು ಗ್ರೂಪಿಗೆ ಕಳಿಸಿ. ಒಬ್ಬರ ಹೆಸರು ಹಾಕಿ ಮಾತ್ರ ಕಳಿಸಬೇಡಿ. ಅವರ ಗುಟ್ಟು ಅವರದೇ.