ಬಣ್ಣದ ಮುಖ, ಒಂಟಿಗಣ್ಣಿನ ಪ್ರೇಕ್ಷಕ

ಜ್ಞಾನಭಾರತಿಯ ಮಗ್ಗುಲಿನ ಮಲ್ಲತ್ತಹಳ್ಳಿಯನ್ನು ಸಾಹಿತ್ಯಾಸಕ್ತರು ನೆನೆಯುವುದು, 2013ರಲ್ಲಿ ಜಿ. ಎಸ್. ಶಿವರುದ್ರಪ್ಪನವರಿಗೂ ಮರುವರ್ಷ ಯು. ಆರ್. ಅನಂತಮೂರ್ತಿಯವರಿಗೂ ಅಂತಿಮ ವಿದಾಯ ಸಲ್ಲಿಸಿದ ಕಲಾಗ್ರಾಮದ ನೆಲವೆಂದು. ಆದರೆ ಅದೇ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವೂ ರಂಗಮಂದಿರವೂ ಇದ್ದು, ನಾಟಕವಿರುವ ಸಂಜೆಗಳಲ್ಲಿ ನೇಪಥ್ಯದ ಕನ್ನಡಿಯ ಮುಂದೆ ಕುಳಿತ ತರುಣತರುಣಿಯರು ತಮ್ಮ ಮುಖವನ್ನು ಮರೆಸಿ ಬೇರೊಂದು ಮುಖವನ್ನು ಬರೆದುಕೊಳ್ಳುತ್ತಿರುತ್ತಾರೆಂಬುದನ್ನು ನೆನೆಯುವವರು ಕಡಮೆ. ಹಾಗೆ ಬರೆದ ಮುಖದ ಆಯುಷ್ಯ ಒಂದು ರಾತ್ರಿಯದು. ಶಿಲ್ಪಿಯ ಕೃತಿ ಕಲ್ಲಿನಲ್ಲಿಯೂ ಕವಿಯ ಕೃತಿ ಓಲೆಯಲ್ಲಿಯೂ ಉಳಿದರೆ, ಪ್ರಸಾಧನಕಾರನ ಕೃತಿಯು ಪರದೆ ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ತೆಂಗಿನೆಣ್ಣೆಯ ಅರಿವೆಗೆ ಅಂಟಿಕೊಂಡು ಹೋಗುತ್ತದೆ. ಇಂಥ ಅಲ್ಪಾಯುವಾದ ಕಲೆಗೆ ಛಾಯಾಚಿತ್ರವು ಒದಗಿಬಂದುದು ಬರಿಯ ದಾಖಲೆಯಾಗಿಯೆ, ಅಥವಾ ಅದರ ಸ್ವರೂಪವನ್ನೇ ಮಾರ್ಪಡಿಸಿದ ಸಹಕರ್ತೃವಾಗಿಯೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಭರತಮುನಿಯು ಆಹಾರ್ಯಾಭಿನಯವನ್ನು, ಎಂದರೆ ವೇಷಭೂಷಣಗಳ ಮೂಲಕ ನಡೆಯುವ ಅಭಿನಯವನ್ನು, ವಿವರಿಸುವಲ್ಲಿ ಅಂಗರಚನೆಗೆ ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಮೂಲವರ್ಣಗಳನ್ನೂ, ಬಿಳಿ ಕೆಂಪು ಕೂಡಿದರೆ ಪದ್ಮವರ್ಣ, ನೀಲಿ ಹಳದಿ ಕೂಡಿದರೆ ಹರಿತವೆಂಬಂತೆ ಅವುಗಳ ಮಿಶ್ರಣಗಳನ್ನೂ ಹೇಳಿದ್ದಾನೆ. ಶಾಸ್ತ್ರ ಇಷ್ಟು ಸಾಕು. ಪ್ರಯೋಗವನ್ನು ಕಾಣಬೇಕಾದರೆ ಕಾಸರಗೋಡಿನಿಂದ ದಕ್ಷಿಣ ಕನ್ನಡದವರೆಗಿನ ತೆಂಕುತಿಟ್ಟಿನ ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋಗಬೇಕು. ಅಲ್ಲಿ ರಾಕ್ಷಸಾದಿ ಪಾತ್ರಗಳ ಬಣ್ಣದ ವೇಷಧಾರಿಯು ಕನ್ನಡಿಯನ್ನು ಮುಂದಿಟ್ಟುಕೊಂಡು, ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಸಾಲುಸಾಲಾಗಿ ಇಡುತ್ತ, ಒಣಗಿದ ಮೇಲೆ ಮತ್ತೊಂದು ಪದರವನ್ನು ಏರಿಸುತ್ತ, ಗಂಟೆಗಟ್ಟಲೆಯ ಏಕಾಗ್ರತೆಯಿಂದ ತನ್ನ ಮುಖದ ಮೇಲೆ ಮುಳ್ಳಿನಂಥ ಉಬ್ಬುಚಿತ್ರವನ್ನೇ ನಿರ್ಮಿಸುತ್ತಾನೆ. ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣಗಳೆಂದು ಪಾತ್ರದ ಸ್ವಭಾವಕ್ಕೆ ತಕ್ಕಂತೆ ಮುಖವರ್ಣಿಕೆಯೂ ಬೇರೆಬೇರೆಯಾಗುತ್ತದೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ವಿಧಾನವು ರೂಪುಗೊಂಡದ್ದು ದೊಂದಿಯ ಬೆಳಕಿಗೆ. ಅಲುಗಾಡುವ ಜ್ವಾಲೆಯಲ್ಲಿ ಚುಟ್ಟಿಯ ನೆರಳುಗಳೂ ಅಲುಗಿ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೂ ರಾಕ್ಷಸನ ಮುಖ ಉಸಿರಾಡುವಂತೆ ತೋರುತ್ತಿತ್ತು. ಆ ಮುಖದ ಎದುರಿಗೆ ಮೊಳದ ದೂರದಲ್ಲಿ ಕ್ಯಾಮರಾ ಹಿಡಿದು ನಿಂತು ಮಿಂಚುದೀಪವನ್ನು ಹಾರಿಸಿದರೆ, ದೂರಕ್ಕೆಂದು ಬರೆದುದನ್ನು ಸಮೀಪದಿಂದ, ಚಲನೆಗೆಂದು ಬರೆದುದನ್ನು ಸ್ತಬ್ಧವಾಗಿ ನೋಡಿದಂತಾಗುತ್ತದೆ. ನಾವು ಮೆಚ್ಚಿ ಗೋಡೆಗೆ ತೂಗುಹಾಕುವ ಯಕ್ಷಗಾನದ ಅನೇಕ ಚಿತ್ರಗಳು, ಕಲಾವಿದನು ಉದ್ದೇಶಿಸಿದ್ದ ಮುಖವನ್ನು ತೋರುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಕ್ಯಾಮರಾ ತನ್ನದೇ ಆದ ಪಕ್ಷಪಾತಗಳುಳ್ಳ ಪ್ರೇಕ್ಷಕ. ಕಪ್ಪುಬಿಳುಪಿನ ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ; ಕುಂಕುಮವೂ ಕೆಂದುಟಿಯೂ ಅದರಲ್ಲಿ ಕರ್ರಗೆ ಬೀಳುತ್ತಿದ್ದವು. ಸರ್ವವರ್ಣಗ್ರಾಹಿಯಾದ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಬಂದಾಗ ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರನು 1928ರಲ್ಲಿ ಅದಕ್ಕೆಂದೇ ಹೊಸ ಬಣ್ಣಗಳನ್ನು ಸಿದ್ಧಪಡಿಸಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನ’ ತೆರೆಕಂಡದ್ದು ಅದಾಗಿ ಆರು ವರ್ಷಕ್ಕೆ, 1934ರಲ್ಲಿ. ಇಂದಿಗೂ ಈ ಪಕ್ಷಪಾತ ತೀರಿಲ್ಲ. ನಾಟಕದವರು ತಲೆತಲಾಂತರದಿಂದ ನೆಚ್ಚಿಕೊಂಡ ಸಫೇದವೆಂದರೆ ಸತುವಿನ ಭಸ್ಮವೇ ಆದ್ದರಿಂದ, ಅದು ಮಿಂಚುದೀಪದ ಬೆಳಕನ್ನು ಇಡಿಯಾಗಿ ಹಿಂದಕ್ಕೆಸೆದು, ರಂಗದ ಮೇಲೆ ಸೌಮ್ಯವಾಗಿದ್ದ ಮುಖವನ್ನು ಚಿತ್ರದಲ್ಲಿ ಸುಣ್ಣದ ಗೋಡೆಯಂತೆ ಬೆಳ್ಳಗಾಗಿಸುತ್ತದೆ. ಮದುವೆಯ ಆಲ್ಬಮ್ಮುಗಳಲ್ಲಿ ಕೊರಳೊಂದು ಬಣ್ಣ, ಮೋರೆಯೊಂದು ಬಣ್ಣವಾಗಿರುವ ವಧುಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಈಗ ‘ಕ್ರಿಯೇಟಿವ್ ಮೇಕಪ್’ ಎಂಬ ಹೆಸರಿನಲ್ಲಿ ಬೆಳೆಯುತ್ತಿರುವ ಕಲೆಯು ಕಣ್ಣಿಗೂ ಕ್ಯಾಮರಾಕ್ಕೂ ನಡುವಣ ಈ ವಿರೋಧವನ್ನೇ ತನ್ನ ಬಂಡವಾಳವಾಗಿ ಮಾಡಿಕೊಂಡಿದೆ. ಅದರಲ್ಲಿ ಕೆನ್ನೆಯು ಬಿರುಕುಬಿಟ್ಟ ಪಿಂಗಾಣಿಯಾಗುತ್ತದೆ, ಹಣೆಯು ತೊಗಟೆಯಾಗುತ್ತದೆ, ಗಲ್ಲದಲ್ಲಿ ಇಲ್ಲದ ಗವಿಯೊಂದು ತೆರೆದುಕೊಳ್ಳುತ್ತದೆ. ಇವೆಲ್ಲವೂ ಬರೆದ ನೆರಳಿನಿಂದ ಹುಟ್ಟಿದ ಭ್ರಮೆಗಳು. ಎರಡು ಕಣ್ಣುಗಳುಳ್ಳ ಮನುಷ್ಯನು ಎದುರಿಗೆ ನಿಂತು ನೋಡಿದರೆ, ಎರಡು ಕೋನಗಳಿಂದ ಆಳವನ್ನು ಅಳೆಯುವ ಅವನ ದೃಷ್ಟಿಗೆ ಆ ಗವಿಯು ಬರಿಯ ಕಪ್ಪು ಬಣ್ಣವೆಂಬುದು ಕೂಡಲೆ ಹೊಳೆಯುತ್ತದೆ. ಒಂದೇ ಕಣ್ಣಿನ ಕ್ಯಾಮರಾಕ್ಕೆ ಆ ವಿವೇಕವಿಲ್ಲ, ಅದು ನಂಬಿಬಿಡುತ್ತದೆ, ಅದರ ಮೂಲಕ ನಾವೂ ನಂಬುತ್ತೇವೆ. ಆದುದರಿಂದ ಇಲ್ಲಿ ಛಾಯಾಚಿತ್ರವು ಕೃತಿಯ ನಕಲಲ್ಲ, ಕೃತಿಯೇ ಅದು. ಬಣ್ಣ ಬಳಿದ ಮುಖವು ಅದರ ಕರಡು. ಪ್ರಸಾಧಕನು ಬೆಳಕು ಎಡದಿಂದ ಬರುವುದೆಂದು ಭಾವಿಸಿ ಬಲಕ್ಕೆ ನೆರಳನ್ನು ಬರೆದಿರಲಾಗಿ, ಛಾಯಾಗ್ರಾಹಕನು ದೀಪವನ್ನು ಬಲಕ್ಕೆ ನಿಲ್ಲಿಸಿದನೆಂದರೆ ಮೂರು ಗಂಟೆಯ ಶ್ರಮ ಅರೆಕ್ಷಣದಲ್ಲಿ ವ್ಯರ್ಥ. ಹಾಗಾಗಿ ಮೊದಲು ದೀಪದ ಸ್ಥಾನ, ಅನಂತರ ಕುಂಚ ಎಂಬುದು ಈ ಜೋಡಿಯ ಕ್ರಮ. ಮುಖದ ಒಡೆಯನ ಪಾಲೂ ಅಲ್ಪವಲ್ಲ: ಅವನು ನಕ್ಕರೆ ಪಿಂಗಾಣಿ ಬಾಗುತ್ತದೆ, ಬೆವರಿದರೆ ತೊಗಟೆ ಜಾರುತ್ತದೆ.

ಗಣಕಯಂತ್ರದಲ್ಲಿ ಇದನ್ನೆಲ್ಲ ನಿಮಿಷದಲ್ಲಿ ಮಾಡಬಹುದಲ್ಲ ಎಂಬ ಆಕ್ಷೇಪವುಂಟು. ಮಾಡಬಹುದು, ಆದರೆ ಚರ್ಮದ ರಂಧ್ರಗಳಲ್ಲಿ ಸಿಕ್ಕಿಕೊಂಡ ಬಣ್ಣ, ಹುಬ್ಬಿನ ಕೂದಲನ್ನು ಮುಚ್ಚಲಾರದೆ ಉಳಿದ ಲೇಪ, ಇವು ಕೊಡುವ ನಿಜತ್ವವನ್ನು ನಯಗೊಳಿಸಿದ ಚಿತ್ರವು ಕೊಡಲಾರದು.

ಕರ್ನಾಟಕದ ಪ್ರಸಾಧನಕ್ಕೆ ಮನ್ನಣೆಯೇ ಇಲ್ಲವೆಂದಲ್ಲ. ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ನಾಗರಾಜು ಮತ್ತು ರಾಜು ಅವರಿಗೂ, ‘ಅಲ್ಲಮ’ ಚಿತ್ರಕ್ಕಾಗಿ ಎನ್. ಕೆ. ರಾಮಕೃಷ್ಣ ಅವರಿಗೂ ಕ್ರಮವಾಗಿ 2014 ಮತ್ತು 2016ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳು ಸಂದಿವೆ. ಆದರೂ ಪತ್ರಿಕೆಗಳಲ್ಲಿ ನಾಟಕದ ಚಿತ್ರವೊಂದು ಅಚ್ಚಾದಾಗ ಅದರಡಿಯಲ್ಲಿ ನಟನ ಹೆಸರಿರುತ್ತದೆ, ಛಾಯಾಗ್ರಾಹಕನ ಹೆಸರೂ ಇರುತ್ತದೆ. ಮುಖವನ್ನು ಬರೆದವನ ಹೆಸರು ಮಾತ್ರ ಇರುವುದಿಲ್ಲ. ಯಕ್ಷಗಾನದ ವೇಷಧಾರಿಯು ತನ್ನ ಬಣ್ಣವನ್ನು ತಾನೇ ಹಾಕಿಕೊಳ್ಳುವುದರಿಂದ ಅಲ್ಲಿ ಒಂದು ಹೆಸರು ಎರಡು ಕೆಲಸಕ್ಕೂ ಸಲ್ಲುತ್ತದೆ; ಮಿಕ್ಕೆಡೆ ಸಲ್ಲದು. ಛಾಯಾಚಿತ್ರ ಪ್ರದರ್ಶನಗಳನ್ನು ಏರ್ಪಡಿಸುವ ಸಂಘಗಳವರೂ ಪುರವಣಿಗಳ ಸಂಪಾದಕರೂ ಇನ್ನು ಮುಂದೆ ‘ಛಾಯಾಚಿತ್ರ’ ಎಂಬುದರ ಜೊತೆಗೆ ‘ಪ್ರಸಾಧನ’ ಎಂಬ ಇನ್ನೊಂದು ಸಾಲನ್ನು ಅಚ್ಚುಮಾಡಬೇಕೆಂದು ನನ್ನ ವಿನಂತಿ. ಆ ಸಾಲು ಕಾಣದಿದ್ದಲ್ಲಿ ಓದುಗರು ಅದನ್ನು ಕೇಳಿ ಪಡೆಯಬೇಕು.